ಸೌಜನ್ಯಳಿಗೆ ಏನು ಕೊಡುವುದು

ಯಜಮಾನರು ಹೋದ ಮೇಲೆ ನಾನು ಅಡಿಲೇಡಿನ ಬ್ಲೇರ್ ಅಥಾಲ್‌ನಲ್ಲಿರುವ ಮಗಳ ಮನೆ ಸೇರಿದೆ. ಮಗಳು ಮೈಥಿಲಿಗೆ ನಲವತ್ತೆರಡು. ಅವಳ ಅಂಡಾಣುವಿನಿಂದ ಮಗು ಆಗುವುದಿಲ್ಲವೆಂದು ಊರಿನ ಡಾಕ್ಟರರೆಲ್ಲ ಕೈಯೆತ್ತಿದ್ದರು. ಆಗ ಸೌಜನ್ಯ ಫೋನ್ ಮಾಡಿದಳು. ಮೊದಲು ಈ ಮನೆಯಲ್ಲೇ ಬಾಡಿಗೆಗಿದ್ದ ಹುಡುಗಿ, ಈಗ ಬ್ರಿಸ್ಬೇನಿನಲ್ಲಿದ್ದಾಳೆ.

“ಅಕ್ಕಾ, ನಂದು ತಗೊಳ್ಳಿ,” ಎಂದಳು, ಹಿತ್ತಲಿನ ಕರಿಬೇವು ಕೊಡುವವಳ ಹಾಗೆ!

ಅರಿಶಿನ ಕುಂಕುಮಕ್ಕೆ ಬಂದವರಿಗೇ ರವಿಕೆ ಕಣ ಕೊಡುವವರು ನಾವು. ಮೊಮ್ಮಗುವನ್ನೇ ಕೊಡುವವಳಿಗೆ ಏನು ಕೊಡುವುದು?

ಸೌಜನ್ಯ ರಜೆ ಹಾಕಿ ಅಡಿಲೇಡಿಗೆ ಬಂದಳು. ಚಿಕಿತ್ಸೆಗೆ ಮೊದಲು ಮನೆಯವರನ್ನೆಲ್ಲ ಮಾತಾಡಿಸುವ ಕ್ಲಿನಿಕ್ಕಿನ ಕೌನ್ಸೆಲರ್ ರೊವೆನಾ ಮಂಗಳೂರಿನವಳು. “ಆಂಟಿ, ಕಾಫಿ ಆಯ್ತಾ?” ಎಂದು ಅವಳು ಕನ್ನಡದಲ್ಲಿ ಕೇಳಿದ್ದೇ ತಡ, ಅದು ಆಫೀಸೆಂಬುದೇ ನನಗೆ ಮರೆತುಹೋಯಿತು. ನಮ್ಮ ಅಡುಗೆಮನೆಯಲ್ಲಿ ಕೂತವಳಂತೆ ಶುರು ಮಾಡಿದೆ.

“ಸೌಜನ್ಯಂಗೆ ಆನೆ ತೂಕದ ಚಿನ್ನ ಹಾಕ್ತೀನಿ ಕಣಮ್ಮ. ಮೈಸೂರಲ್ಲಿ ಮನೇನೂ ಕಟ್ಟಿಸ್ಕೊಡ್ತೀನಿ!”

ನನ್ನ ಹತ್ತಿರ ಇದ್ದದ್ದು ಎರಡು ಸವೆದ ಬಳೆ.

ರೊವೆನಾಳ ನಗು ಹಾರಿಹೋಯಿತು. “ಹಾಗೆಲ್ಲ ಹೇಳ್ಬಾರ್ದು ಆಂಟಿ. ಇಲ್ಲಿ ಕಾನೂನು ಉಂಟು. ವಿಮಾನದ ಟಿಕೆಟ್, ಔಷಧಿ, ಪಾರ್ಕಿಂಗ್, ಅವಳಿಗೆ ಖರ್ಚಾದದ್ದು ಮಾತ್ರ ಕೊಡ್ಲಿಕ್ಕೆ ಆಗ್ತದೆ. ಅದ್ರ ಮೇಲೆ ಕೊಟ್ರೆ ಮಾರಾಟ ಮಾಡಿದ ಹಾಗೆ.”

“ಪಾರ್ಕಿಂಗಿಗೆ ಕೊಡ್ಬಹುದು, ಹೊಟ್ಟೆಗೆ ಸೂಜಿ ಚುಚ್ಚಿಸ್ಕೊಳ್ಳೋದಕ್ಕೆ ಕೊಡ್ಬಾರ್ದಾ? ಕಾರಿಗಿರೋ ಮರ್ಯಾದೆ ಹೆಂಗಸಿಗಿಲ್ವಾ?”

“ನಾನು ಕೇಳಿ ಆಯ್ತಲ್ಲ ಆಂಟಿ. ಡಾಕ್ಟರಿಗೆ ಹೇಳ್ಲೇಬೇಕು.”

ಹೇಳಿಯೂ ಬಿಟ್ಟಳು. ಎಲ್ಲರನ್ನೂ ಮತ್ತೆ ವಿಚಾರಿಸುವವರೆಗೆ ಚಿಕಿತ್ಸೆ ಇಲ್ಲವೆಂದರು. ಅಷ್ಟರಲ್ಲಿ ಸೌಜನ್ಯಳ ರಜೆ ಮುಗಿಯಿತು.

ಅವಳನ್ನು ಏರ್‌ಪೋರ್ಟಿಗೆ ಬಿಡಲು ಹೊರಟಾಗ ಕಾರು ಓಡಿಸುತ್ತಿದ್ದವಳು ಮೈಥಿಲಿ. ಅವಳ ಪಕ್ಕ ಕೂತಿದ್ದ ಸೌಜನ್ಯ ನನ್ನ ಕಡೆ ಹಿಂದೆ ತಿರುಗಿದಳು.

“ಆಂಟಿ, ನಾನೇನು ಅಂಗಡಿ ಇಟ್ಟಿದ್ದೀನಾ? ಚಿನ್ನ ಕೇಳಿದ್ನಾ?”

“ಸುಮ್ನೆ ಹೆಂಗಮ್ಮ ತಗೊಳ್ಳೋದು? ಏಳು ಜನ್ಮ ನಿದ್ದೆ ಬರಲ್ಲ ನಂಗೆ.”

“ನಿಮ್ ನಿದ್ದೆಗೋಸ್ಕರ ಅಕ್ಕಂಗೆ ಮಗು ಬೇಡ್ವಾ?”

ಮೈಥಿಲಿ ಮೂಗು ಒರೆಸಿಕೊಂಡಳು.

“ಕ್ರಿಸ್ಮಸ್ ರಜಕ್ಕೆ ಮತ್ತೆ ಬರ್ತೀನಿ,” ಎಂದಳು ಸೌಜನ್ಯ. “ಆದ್ರೆ ನಂಗೇನೂ ಕೊಡಲ್ಲ ಅಂತ ನೀವೇ ರೊವೆನಾಗೆ ಹೇಳ್ಬೇಕು. ಒಂದು ಸೀರೆನೂ ಇಲ್ಲ.”

“ಒಂದು ಹತ್ತಿ ಸೀರೆ...”

“ಅಮ್ಮಾ!” ಮೈಥಿಲಿ ಗಕ್ಕನೆ ಬ್ರೇಕ್ ಹಾಕಿದಳು. ಹಿಂದಿನ ಕಾರುಗಳು ಹಾರ್ನ್ ಹೊಡೆಯತೊಡಗಿದವು. “ಆಣೆ ಮಾಡು.”

ಹಾಳು ಕಾನೂನಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತಾ ಆಣೆ ಮಾಡಿದೆ.