ಸಣ್ಣಕ್ಕನ ಬ್ಲಡಿ

ಹುಲಿಕುಂಟೆಯ ಸುತ್ತಮುತ್ತ ಕಳೆದ ಮೂವತ್ತು ವರ್ಷಗಳಲ್ಲಿ ಹುಟ್ಟಿದ ಬಹುಪಾಲು ಮಕ್ಕಳ ಕಿವಿಗೆ ಬಿದ್ದ ಮೊದಲ ಮಾತು ಒಂದು ಇಂಗ್ಲಿಷ್ ಬೈಗುಳ. ದಾದಿ ಸಣ್ಣಕ್ಕ ಕೂಸನ್ನು ಬೆಳಕಿಗೆ ಎತ್ತಿ ಹಿಡಿದು, ಕಣ್ಣರಳಿಸಿ, “ಬ್ಲಡಿ ಚೆಂದಾಗೈತೆ ಕಣಮ್ಮ!” ಎನ್ನುತ್ತಿದ್ದರು.

ಲಸಿಕೆಯ ಪೆಟ್ಟಿಗೆ ಹೊತ್ತು ಹೊತ್ತು ಅವರ ಎಡಭುಜ ತುಸು ಇಳಿದಿತ್ತು. ಪೆಟ್ಟಿಗೆಯಿಲ್ಲದ ದಿನವೂ ಅತ್ತಲೇ ವಾಲಿಕೊಂಡು, ಮದಲೂರು ಕೆರೆಯ ಏರಿಯ ಮೇಲೆ, ಎಳೆಬಿಸಿಲು ಬೆರೆತ ಮಂಜಿನೊಳಗೆ ಅವರು ಬರುವುದನ್ನು ಕಂಡರೆ, ನಡೆಯುತ್ತಿದ್ದಾರೋ ತೇಲುತ್ತಿದ್ದಾರೋ ಎಂಬ ಭ್ರಮೆ ನನಗೆ ಎಷ್ಟೋ ಸಲ ಆಗಿದೆ.

ಆ ಮಾತು ಅವರಿಗೆ ದಕ್ಕಿದ್ದು ಹರೆಯದಲ್ಲಿ, ಮಧುಗಿರಿಯ ಕಡೆ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದಾಗ. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿ ನೀಲಿಗಟ್ಟಿದ್ದ ಕೂಸೊಂದನ್ನು ಉಸಿರಾಡಿಸಿದಾಗ, ಆಸ್ಟ್ರೇಲಿಯಾದಿಂದ ಬಂದಿದ್ದ ವೈದ್ಯೆಯೊಬ್ಬರು ಅವರನ್ನು ಬಿಗಿದಪ್ಪಿ “ಬ್ಲಡಿ ಗುಡ್, ಸಣ್ಣಕ್ಕ!” ಎಂದರಂತೆ. ತಮ್ಮ ಕೇರಿಯವರನ್ನು ಮುಟ್ಟಲು ಹಿಂಜರಿಯುವವರನ್ನೇ ಕಂಡು ಬೆಳೆದಿದ್ದ ಹುಡುಗಿಗೆ, ಆ ಅಪ್ಪುಗೆಯೊಡನೆ ಬಂದ ಮಾತು ಹೊಗಳಿಕೆಯೆಂದೇ ಮನಸ್ಸಿನಲ್ಲಿ ನಿಂತಿತು.

ಹೋದ ವರ್ಷ ಹೊಸದಾಗಿ ಬಂದ ವೈದ್ಯಾಧಿಕಾರಿಗೆ ಸಣ್ಣಕ್ಕ ಎಲ್ಲರೆದುರು “ನೀವು ಬ್ಲಡಿ ಒಳ್ಳೇ ಡಾಕ್ಟ್ರು ಸಾರ್” ಎಂದುಬಿಟ್ಟರು. ಅಧಿಕಾರಿ ಕೆರಳಿ ನೋಟಿಸು ಕೊಟ್ಟರು. ಅದನ್ನು ಹಿಡಿದುಕೊಂಡು ಸಣ್ಣಕ್ಕ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನನ್ನ ಬಳಿ ಬಂದರು.

“ಮೇಷ್ಟ್ರೇ, ಇದು ಬೈಗುಳವಾ? ಸುಳ್ಳೇಳ್ಬ್ಯಾಡಿ.”

ತಿಳಿದಷ್ಟು ಹೇಳಿದೆ. ರಕ್ತ ಎಂಬ ಅರ್ಥದ ಪದದಿಂದ ಹುಟ್ಟಿದ ಮಾತು, ಮುನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಕುಡಿದು ಪುಂಡಾಟವಾಡುತ್ತಿದ್ದ ಸಿರಿವಂತ ತರುಣರನ್ನು ‘ಬ್ಲಡ್’ಗಳೆನ್ನುತ್ತಿದ್ದರು, ಅವರಿಂದ ಬಂದಿರಬಹುದೆಂದು ಕೆಲವರ ಊಹೆ, ಒಂದು ಕಾಲಕ್ಕೆ ಅದನ್ನು ಅಚ್ಚು ಹಾಕಲೂ ಹೇಸುತ್ತಿದ್ದರು, ಈಗ ಆಸ್ಟ್ರೇಲಿಯಾದಲ್ಲಿ ‘ಬಹಳ’ ಎಂಬಷ್ಟೇ ಸಲೀಸು, ನಮ್ಮಲ್ಲಿ ಮಾತ್ರ ಬ್ರಿಟಿಷ್ ದೊರೆಗಳು ಆಳುಗಳನ್ನು ಗದರಿದ ದನಿ ಅದರಲ್ಲಿ ಇನ್ನೂ ಉಳಿದಿದೆ.

ಅವರು ನೋಟಿಸನ್ನು ನಾಲ್ಕಾಗಿ ಮಡಚಿದರು. “ಅಂಗಾದ್ರೆ ಅಷ್ಟೂ ಕೂಸ್ಗಳನ್ನ ನಾನು ಬೈದ್ಬುಟ್ನಾ?”

ನಾನು ಬರೆದುಕೊಟ್ಟ ಉತ್ತರವನ್ನೋದಿ ಅಧಿಕಾರಿಗಳು ನೋಟಿಸನ್ನು ಹಿಂತೆಗೆದುಕೊಂಡರು. ಸಣ್ಣಕ್ಕ ಮಾತ್ರ ಆ ಮಾತನ್ನು ಬಿಟ್ಟರು. ಕೂಸನ್ನು ಒರೆಸಿ, ಸುತ್ತಿ, ತಾಯಿಯ ಮಗ್ಗುಲಿಗೆ ಮಲಗಿಸಿ, ತಲೆ ತಗ್ಗಿಸಿ ಹೊರಟುಬಿಡುತ್ತಿದ್ದರು.

ಈ ಮಾಘದಲ್ಲಿ ನನ್ನ ಮಗಳು ಭವ್ಯಳಿಗೆ ಹೆರಿಗೆಯಾಯಿತು. ಇಪ್ಪತ್ತಾರು ವರ್ಷಗಳ ಹಿಂದೆ ಅವಳನ್ನು ಎತ್ತಿದ್ದೂ ಸಣ್ಣಕ್ಕನೇ. ಆಸ್ಪತ್ರೆಯ ಹೆರಿಗೆ ಕೋಣೆಯ ಬಾಗಿಲಾಚೆ ನಿಂತಿದ್ದ ನನಗೆ ಮಗಳ ಬಳಲಿದ ದನಿ ಕೇಳಿಸಿತು.

“ಯಾಕಕ್ಕ, ನನ್ ಕೂಸು ಚೆನ್ನಾಗಿಲ್ವಾ? ಅವತ್ತು ನಮ್ಮವ್ವಂಗೆ ಅಂದಿದ್ದನ್ನ ಇವತ್ತು ನಂಗ್ಯಾಕೆ ಅಂತಿಲ್ಲ?”

ಒಳಗಿಂದ, ನೋಟಿಸು ಕೊಟ್ಟಿದ್ದ ಅದೇ ವೈದ್ಯಾಧಿಕಾರಿಯ ಮೆಲುದನಿ: “ಅಂದ್ಬಿಡಿ ಸಣ್ಣಕ್ಕ.”

ಆಗ ಸಣ್ಣಕ್ಕ ಆ ಮಾತನ್ನು ಆಡಿದರು, ಎಂದಿನಂತೆ ಕೂಗಿಯಲ್ಲ, ಕೂಸಿನ ಕಿವಿಗಷ್ಟೇ ಗುಟ್ಟು ಹೇಳುವ ಹಾಗೆ. ಆಮೇಲೆ ಮೂವರೂ ನಕ್ಕದ್ದು ಕೇಳಿಸಿತು. ನಗುವಿನ ನಡುವೆ ಒಬ್ಬರು ಅಳುತ್ತಲೂ ಇದ್ದರು.

ಯಾರೋ ಅಕ್ಕರೆಯಿಂದ ಆಡಿದ ಮಾತನ್ನು, ಅದರ ಕುಲಗೋತ್ರ ಕೇಳದೆ, ಕೇಳಿದ ಅಕ್ಕರೆಯಲ್ಲೇ ಜೀವಮಾನವಿಡೀ ಇತರರಿಗೆ ಹಂಚುವ ಇಂಥವರು ಎಲ್ಲ ಊರುಗಳಲ್ಲೂ ಒಬ್ಬಿಬ್ಬರಾದರೂ ಇರುತ್ತಾರೆ. ಭಾಷೆಗಳು ತಮ್ಮ ಹಳೆಯ ಕೊಳೆಯನ್ನು ತೊಳೆದುಕೊಳ್ಳುವುದು ಬಹುಶಃ ಅವರ ಬಾಯಲ್ಲೇ.