ಹೊರಡಲೊಲ್ಲದ ದೇವಿ

ನಮ್ಮೂರ ದೇವರು ನಾರಾಯಣನನ್ನು ನೋಡಲು ಅವನ ತಂಗಿ ಬಂದಿದ್ದಳು. ತಂಗಿ ಎಂದರೆ ಕಣಿವೆಯಾಚೆಯ ಧಾರಾ ಊರಿನ ದೇವಿ. ಹಳೆಯ ರಾಜರ ಕಾಲದಲ್ಲಿ ಎರಕ ಹೊಯ್ದ ಹಿತ್ತಾಳೆಯ ಮುಖ, ಕುತ್ತಿಗೆಗೆ ಹಾವಿನ ಹಾರ. ಅವಳು ಪಲ್ಲಕ್ಕಿಯಲ್ಲಿ ಬಂದರೆ ಹಿಂದೆ ಅರ್ಧ ಊರೇ ಬರುತ್ತದೆ. ಈ ಸಲ ಅವರ ಊಟದ ಪಾಳಿ ನಮ್ಮ ಮನೆಯದು.

ಒಂದು ರಾತ್ರಿ ಉಳಿದು ಹೊರಡುವುದು ವಾಡಿಕೆ. ದೇವಿ ಹೊರಡಲಿಲ್ಲ. ದಿನಾ ಬೆಳಿಗ್ಗೆ ಪಲ್ಲಕ್ಕಿ ನಮ್ಮ ಅಂಗಳದ ಬಾಗಿಲ ತನಕ ಹೋಗಿ ತಿರುಗಿಬಿಡುತ್ತಿತ್ತು. ಪಲ್ಲಕ್ಕಿ ತಿರುಗಿತೆಂದರೆ ದೇವಿಗೆ ಮನಸ್ಸಿಲ್ಲ ಎಂದೇ ಅರ್ಥ, ಯಾರೂ ಎದುರಾಡುವಂತಿಲ್ಲ. ಅಕ್ಕಿ ಮುಗಿಯಿತು. ಹೆಂಡದ ಗಡಿಗೆ ಬರಿದಾಯಿತು. ಉಳಿದದ್ದು ಮಗನ ಮದುವೆಗೆಂದು ಸಾಕಿದ್ದ ಟಗರೊಂದೇ.

ಹೊರುವವರ ಮುಂದಾಳು ನೋಖೂ ಅದರ ಬೆನ್ನು ಸವರುತ್ತ ಕೂತಿದ್ದ.

"ಅಕ್ಕಾ, ಒಳ್ಳೇ ಮೈ ಬಂದಿದೆ ಇದಕ್ಕೆ. ದೇವಿ ಯಾಕೆ ಹೊರಡ್ತಿಲ್ಲ ಅಂತ ಈಗ ತಿಳೀತು."

"ಆಸೆ ದೇವಿಗೋ, ನಿನ್ನ ಹೊಟ್ಟೆಗೋ?"

"ಛೆ ಛೆ, ಹಂಗೆಲ್ಲ ಅನ್ಬಾರ್ದು."

ನನಗೆ ಮೈಯೆಲ್ಲ ಉರಿಯಿತು. ಮರುದಿನ ಪಲ್ಲಕ್ಕಿ ಹೆಗಲೇರಿದ್ದೇ ತಡ, ಎದುರು ಹೋಗಿ ನಿಂತೆ.

"ತಾಯೀ, ಅಣ್ಣನ ಊರು ಹಿಡಿಸ್ತಾ?"

ಪಲ್ಲಕ್ಕಿ ಮುಂದಕ್ಕೆ ಬಾಗಿತು. ಹೌದು ಎಂದರ್ಥ.

"ಇಲ್ಲೇ ಇರ್ತೀಯಾ?"

ಮತ್ತೆ ಬಾಗಿತು. ನೋಖೂ ತುಟಿ ಸವರಿಕೊಂಡ.

"ಕೇಳಿದ್ರಾ ಎಲ್ರೂ! ದೇವಿ ಇನ್ನು ನಮ್ಮೂರವಳು. ಗುಡಿ ನಾವು ಕಟ್ತೀವಿ. ನೋಖೂ, ಪಲ್ಲಕ್ಕಿ ಇಳಿಸಿ ಹೊರಡ್ರಪ್ಪಾ. ದಾರಿಗೆ ರೊಟ್ಟಿ ಕಟ್ಟಿಕೊಡ್ತೀನಿ."

ನೋಖೂನ ಮುಖ ಬಿಳಿಚಿಕೊಂಡಿತು. "ಅಕ್ಕಾ, ತಮಾಷೆ ಸಾಕು. ದೇವಿ ಇಲ್ದೆ ಊರಿಗೆ ಹೋದ್ರೆ ನಮ್ಮ ಚರ್ಮ ಸುಲೀತಾರೆ!"

"ನನ್ನನ್ನೇನು ಕೇಳ್ತೀಯಾ? ಅವಳನ್ನೇ ಕೇಳು."

ಮರುಕ್ಷಣವೇ ದೇವಿ ಹತ್ತಿಯಷ್ಟು ಹಗುರಾದಳು. ಪಲ್ಲಕ್ಕಿ ಬಾಗಿಲು ದಾಟಿ ಇಳಿಜಾರಿನಲ್ಲಿ ಓಡಿತು, ಡೋಲು ಬಡಿಯುವವರು ಏದುಸಿರು ಬಿಡುತ್ತ ಹಿಂದೆ ಓಡಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ತೊರೆಯ ಹತ್ತಿರ ಪಲ್ಲಕ್ಕಿ ಗಕ್ಕನೆ ನಿಂತಿತು. ಗಿರ್ರನೆ ತಿರುಗಿತು. ಏರು ಹತ್ತಿ ನಮ್ಮ ಮನೆಯತ್ತಲೇ ಬರತೊಡಗಿತು. ನೋಖೂ ಹಿಮ್ಮಡಿ ಊರಿ ತಡೆಯುತ್ತಿದ್ದ, ಅವನನ್ನೂ ಎಳೆದುಕೊಂಡೇ ಬಂತು.

"ಅಕ್ಕಾ, ಈ ಸಲ ನಾವಲ್ಲ!" ಎಂದು ಅಳುದನಿಯಲ್ಲಿ ಕೂಗಿದ. "ಆಣೆಗೂ ಈ ಸಲ ನಾವಲ್ಲ!"

ಪಲ್ಲಕ್ಕಿ ಅಂಗಳಕ್ಕೆ ಬಂದು ನನ್ನ ಮೂಗಿನೆದುರೇ ನಿಂತಿತು. ನಾನು ಗಂಡನ ಮುಖ ನೋಡಿದೆ. ಅವನಾಗಲೇ ಟಗರಿನ ಹಗ್ಗ ಬಿಚ್ಚುತ್ತಿದ್ದ.

"ಇರು ಅಂದವಳು ನೀನೇ ತಾನೆ?" ಎಂದ. "ಹೋಗು, ಒಲೆ ಹಚ್ಚು."