ಕೇರೆಮರಿಯ ಹೊರಗೂಟ

ನಯಾಪೈಸೆ ಚಲಾವಣೆಗೆ ಬಂದ ವರ್ಷ. ಶಿಕಾರಿಪುರದ ಕಾಳುಕಡಿ ವ್ಯಾಪಾರಿ ಮಹೇಶ್ವರಪ್ಪ ಈಸೂರಿನಿಂದ ಸೈಕಲ್ ಮೇಲೆ ಹಾಡಿಕೊಂಡೇ ಬಂದ. ಹ್ಯಾಂಡಲ್ಲಿಗೆ ನೇತುಹಾಕಿದ ಬುಟ್ಟಿಯಲ್ಲಿ ಮೊಳದುದ್ದದ ಕೇರೆಹಾವಿನ ಮರಿ! ಅಂಗಡಿಯ ಮೂಟೆಗಳನ್ನೆಲ್ಲ ಇಲಿಗಳು ಕೊರೆದಿಟ್ಟಿದ್ದವು. ಹುಲ್ಲಿನ ಬಣವೆಯಲ್ಲಿ ಸಿಕ್ಕ ಮರಿಯನ್ನು ರೈತ ಉಜ್ಜಪ್ಪ, "ಸಾಕ್ಕಳ್ರಿ ಸಾವ್ಕಾರ್ರೇ, ವಿಷ ಇಲ್ಲ. ಸದ್ಯಕ್ಕೆ ಸಣ್ ಕಪ್ಪೆ ಹಾಕ್ರಿ, ದೊಡ್ಡದಾದ್ಮೇಲೆ ಇಲಿ ಅದೇ ನೋಡ್ಕಳ್ತೈತೆ" ಎಂದು ಕೊಟ್ಟಿದ್ದ.

ಕಪ್ಪೆಯೇ! ಲಿಂಗ ಕಟ್ಟಿದವರ ಮನೆ, ಮಾಂಸದ ಚೂರು ಹೊಸಿಲು ದಾಟುವಂತಿಲ್ಲ. ಮಹೇಶ್ವರಪ್ಪ ಮರಿಗೆ ತನ್ನ ಊಟವನ್ನೇ ಬಡಿಸಿದ. ಹಾಲು, ಬಾಳೆಹಣ್ಣು, ಮೊಸರನ್ನ, ಕೊನೆಗೆ ಬೆಣ್ಣೆ ಸವರಿದ ರೊಟ್ಟಿ. ಮರಿ ಬುಸ್ಸೆಂದು ರೊಟ್ಟಿಯ ಕೆಳಗೆ ನುಸುಳಿ ಮಲಗಿತು.

"ಹೊದ್ಕಳಾಕೆ ಕೊಟ್ರೇನ್ರೀ?" ಹೆಂಡತಿ ನೀಲಾಂಬಿಕ ಬಿದ್ದುಬಿದ್ದು ನಕ್ಕಳು. ಆಮೇಲೆ ಮುಖ ಬಿಗಿದು, "ಉಪಾಸ ಕೆಡವಿ ಸಾಯ್ಸಿದ ಪಾಪ ನಮಗೆ ಬ್ಯಾಡ. ಸಂತೆ ದಿನ ಬರೋದ್ರೊಳಗೆ ಏನೂ ತಿನ್ಲಿಲ್ಲ ಅಂದ್ರೆ ಬಣವೆಗೇ ಬಿಟ್ ಬರ್ರಿ" ಎಂದಳು.

ಬಿಟ್ಟು ಬರುವುದೇ? ಅಂಗೈ ಮೇಲೆ ಅದು ಹರಿದರೆ ಮೈಯೆಲ್ಲ ಕಚಗುಳಿ. ಅವನಿಗೆ ಇಲಿಗಳೇ ಮರೆತುಹೋಗಿದ್ದವು.

ಸಂತೆಯ ಹಿಂದಿನ ಸಂಜೆ ಹೊಳೆಯಿತು: ಮನೆಯಲ್ಲಿ ಬಡಿಸಲಾಗದಿದ್ದರೆ ಹೊರಗೆ ಊಟಕ್ಕೆ ಕರೆದೊಯ್ದರಾಯಿತು! ಬುಟ್ಟಿ ಎತ್ತಿಕೊಂಡು ಕೆರೆ ಏರಿಗೆ ಓಡಿದ. ಕೆಸರಲ್ಲಿ ಜಾರಿ, ಎದ್ದು, ಮತ್ತೆ ಜಾರಿ, ಹೆಗಲ ಮೇಲಿನ ವಲ್ಲಿಯಲ್ಲಿ ಒಂದು ಪುಟ್ಟ ಕಪ್ಪೆ ಹಿಡಿದು ಬುಟ್ಟಿಗೆ ಹಾಕಿದ. ನೋಡುವ ಧೈರ್ಯವಾಗದೆ ಕಣ್ಣು ಮುಚ್ಚಿ ತಿರುಗಿ ನಿಂತ.

ಹಿಂದೆಯೇ ಬಂದಿದ್ದ ನೀಲಾಂಬಿಕ ಬುಟ್ಟಿಗೆ ಬಗ್ಗಿದಳು.

"ತಿಂತೇನೇ?"

"ಸುಮ್ನಿರ್ರಿ! ನೋಡ್ತಾ ಐತೆ... ಅಯ್ಯೋ, ಹಿಡೀತು ಕಣ್ರೀ, ಹಿಂಗಾಲು! ಅಲ್ಲ, ಇಷ್ಟಗಲ ಬಾಯಿ ಎಲ್ಲಿ ಮಡಚಿಟ್ಕೊಂಡಿತ್ತು ಇದು?" ಸೆರಗು ಕೆಸರಿಗೆ ಬಿದ್ದದ್ದೂ ತಿಳಿಯದೆ ಚಪ್ಪಾಳೆ ತಟ್ಟಿದಳು. "ನುಂಗ್ತು! ನುಂಗೇ ಬಿಡ್ತು!"

ಇಬ್ಬರೂ ಕೆಸರುಗಾಲಲ್ಲಿ ನಗುತ್ತ ಮನೆಗೆ ಬಂದರು. ಬಾಗಿಲಲ್ಲಿ ಮಹೇಶ್ವರಪ್ಪ ಗಕ್ಕನೆ ನಿಂತ. ಮರಿಯ ಹೊಟ್ಟೆ ಗೋಲಿಯಂತೆ ಉಬ್ಬಿತ್ತು.

"ಕಪ್ಪೆ ಇದರೊಳಗೇ ಐತಲ್ಲೇ! ಹೊಸಿಲು ಹೆಂಗೆ ದಾಟ್ಸೋದು?"

ನೀಲಾಂಬಿಕ ಗಲ್ಲಕ್ಕೆ ಕೈಯಿಟ್ಟು ಯೋಚಿಸಿದಳು.

"ಅದಕ್ಕಿನ್ನೂ ಲಿಂಗಧಾರಣೆ ಆಗಿಲ್ಲ. ಬರ್ಲಿ, ನೀವು ಮೊದ್ಲು ಕಾಲು ತೊಳ್ಕಳ್ರಿ" ಎಂದವಳೇ ಅವನ ಕೈಯಿಂದ ಬುಟ್ಟಿ ಕಿತ್ತುಕೊಂಡು ಒಳಗೆ ನಡೆದಳು.